ಡ್ರಮ್ಮಿನಲ್ಲಿ ಓಡುವ ಇಂಜಿನ್ ನದಿಯಲ್ಲಿ ಹತ್ತೇ ನಿಮಿಷಕ್ಕೆ ನಿಲ್ಲುತ್ತಿದೆ, ಯಾರಾದರೂ ಸಹಾಯ ಮಾಡಿ

ಒಂಟಿಹುಟ್ಟು_ಮೈಸೂರು:
ಇದು ಮೂರನೇ ಸಲ. ಸಾಕಾಗಿ ಬರೆಯುತ್ತಿದ್ದೇನೆ. ಹೊನ್ನಾವರದಲ್ಲಿ ಶರಾವತಿಗೆ ದೋಣಿ ಇಳಿಸಿ ಒಬ್ಬನೇ ಗೇರುಸೊಪ್ಪೆ ಕಡೆ ಹೊರಟಿದ್ದೆ. ಹತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಎರಡು ಸಲ ಕೆಮ್ಮಿದ ಹಾಗೆ ಮಾಡಿ ಆಫ್. ಆಗ ಇಳಿತದ ನೀರು, ದೋಣಿ ತಾನಾಗೇ ಅಳಿವೆ ಕಡೆಗೆ ಜಾರತೊಡಗಿತು. ಒಬ್ಬನೇ ಇರುವಾಗ ಹುಟ್ಟು ಹಾಕಬೇಕಾ, ಇಂಜಿನ್ ಹಗ್ಗ ಎಳೆಯಬೇಕಾ? ಕೊನೆಗೆ ಲಂಗರು ಬಿಟ್ಟೆ. ಟ್ಯಾಂಕ್ ತೆಗೆದು ನೋಡಿದರೆ ಪೆಟ್ರೋಲ್ ಬೇಕಾದಷ್ಟಿದೆ. ಮತ್ತೆ ಎಳೆದೆ, ಸ್ಟಾರ್ಟ್ ಆಯಿತು. ಹದಿನೈದು ನಿಮಿಷಕ್ಕೆ ಮತ್ತೆ ನಿಂತಿತು.

ಮೈಸೂರಿಗೆ ತಂದು ಮೆಕ್ಯಾನಿಕ್‌ಗೆ ತೋರಿಸಿದೆ. ಡ್ರಮ್ಮಿನ ನೀರಿನಲ್ಲಿ ಮುಕ್ಕಾಲು ಗಂಟೆ ಓಡಿಸಿ ‘ಏನೂ ತೊಂದರೆ ಇಲ್ಲ ಸಾರ್’ ಅಂದರು. ಪ್ಲಗ್ ಹೊಸದು. ಕಾರ್ಬೊರೇಟರ್ ಎರಡು ಸಲ ಬಿಚ್ಚಿ ತೊಳೆದಾಗಿದೆ. ಮುಂದಿನ ತಿಂಗಳು ಕೇರಳದ ಕೊಲ್ಲಂನಿಂದ ಕೊಟ್ಟಪುರಂವರೆಗೆ 168 ಕಿ.ಮೀ. ಜಲಮಾರ್ಗದಲ್ಲಿ ಒಬ್ಬನೇ ಹೋಗಬೇಕು ಅಂತ ಎರಡು ವರ್ಷದಿಂದ ಆಸೆ. ಈ ಇಂಜಿನ್ ನಂಬಿಕೊಂಡು ಹೇಗೆ ಹೋಗಲಿ?

ಹಿನ್ನೀರು_ಗಾಳ:
ಯಾವ ಇಂಜಿನ್? ಎಷ್ಟು ಎಚ್‌ಪಿ? ಟ್ಯಾಂಕ್ ಒಳಗಿನದಾ, ಹೊರಗಿನದಾ? ಇಷ್ಟೂ ಹೇಳದೆ ಹೇಗೆ ಸಾರ್?

ಒಂಟಿಹುಟ್ಟು_ಮೈಸೂರು:
ಕ್ಷಮಿಸಿ. 5 ಎಚ್‌ಪಿ, ಟೂ ಸ್ಟ್ರೋಕ್. ಆಯಿಲ್ 50ಕ್ಕೆ 1, ಅಂದರೆ ಲೀಟರಿಗೆ 20 ಮಿ.ಲೀ. ಹೊರಗಿನ ಟ್ಯಾಂಕ್, 12 ಲೀಟರ್. ಹಿಂದಿನಿಂದ ನೀರು ಪಿಚಕಾರಿ ಥರ ಚೆನ್ನಾಗಿ ಬರುತ್ತದೆ, ಬಿಸಿ ಆಗುತ್ತಿಲ್ಲ.

ಜೆಟ್_ಮಂಡ್ಯ:
ಇದು ಎತ್ತರದ ಸಮಸ್ಯೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ. ಇಲ್ಲಿ ಟ್ಯೂನ್ ಮಾಡಿದ ಕಾರ್ಬೊರೇಟರ್ ಹೊನ್ನಾವರಕ್ಕೆ ಇಳಿದರೆ ಗಾಳಿ ದಟ್ಟ, ಪೆಟ್ರೋಲ್ ಸಾಲುವುದಿಲ್ಲ. ಮೇನ್ ಜೆಟ್, ಅಂದರೆ ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪು, ಒಂದು ಸೈಜ್ ದೊಡ್ಡದು ಹಾಕಿ. ಮೆಕ್ಯಾನಿಕ್ ಮೈಸೂರಲ್ಲೇ ಓಡಿಸಿದರು, ಅದಕ್ಕೇ ಓಡಿತು.

ಹಿನ್ನೀರು_ಗಾಳ:
ಗಾಳಿ ಹೆಚ್ಚೆಂದರೆ ಶೇ. 8ರಷ್ಟು ದಟ್ಟ ಆಗಬಹುದು. ಅಷ್ಟಕ್ಕೆ ಪಿಕಪ್ ಸ್ವಲ್ಪ ಕಡಿಮೆಯಾದೀತು. ಹತ್ತು ನಿಮಿಷ ಸರಿಯಾಗಿ ಓಡಿ ಆಮೇಲೆ ಯಾಕೆ ನಿಲ್ಲುತ್ತದೆ? ಜೆಟ್ ಆಗಿದ್ದರೆ ಮೊದಲ ನಿಮಿಷದಿಂದಲೇ ತೊಂದರೆ ಇರಬೇಕಲ್ವಾ?

ಜೆಟ್_ಮಂಡ್ಯ:
ಬಿಸಿಯಾದ ಮೇಲೆ ಗೊತ್ತಾಗುತ್ತದೆ. ನನ್ನ ಹಳೇ ಬೈಕು ಆಗುಂಬೆ ಘಾಟಿ ಇಳಿದಾಗ ಹೀಗೇ ಆಗಿತ್ತು. ಮೊದಲು ಜೆಟ್ ಬದಲಿಸಿ, ಆಮೇಲೆ ಮಾತಾಡಿ.

ಶ್ರೀರಂಗಪಟ್ಟಣ_ಹರಿಗೋಲು:
ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ. ಅದು ನೀರು ಹೀರಿಕೊಂಡು ಟ್ಯಾಂಕಿನ ತಳಕ್ಕೆ ಕೂರುತ್ತದೆ. ಕರಾವಳಿಯ ತೇವದಲ್ಲಿ ಇನ್ನೂ ಜಾಸ್ತಿ. ತಳದ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಬಗ್ಗಿಸಿ, ರಾತ್ರಿ ಇಟ್ಟು ಬೆಳಿಗ್ಗೆ ನೋಡಿ. ಎರಡು ಪದರ ಕಂಡರೆ ಅದೇ ಕಾರಣ.

ಲಿಥಿಯಂ_ಕುವೆಂಪುನಗರ:
ಈ ಟೂ ಸ್ಟ್ರೋಕ್ ತಲೆನೋವೇ ಬೇಡ ಅಂತ ನಾನು ದೋಣಿಗೆ ಬ್ಯಾಟರಿಯಲ್ಲಿ ಓಡುವ ಸಣ್ಣ ಟ್ರೋಲಿಂಗ್ ಮೋಟರ್ ಹಾಕಿಸಿದೆ. 12 ವೋಲ್ಟ್, 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ. ಸದ್ದಿಲ್ಲ, ಹೊಗೆಯಿಲ್ಲ. ಬೆಳಿಗ್ಗೆ ಹಕ್ಕಿಗಳು ಹಾರದೆ ಅಲ್ಲೇ ಕೂತಿರುತ್ತವೆ. ಟ್ರೈಲರ್ ಕೂಡ ನಾನೇ ವೆಲ್ಡ್ ಮಾಡಿಸಿದ್ದು.

ಜೆಟ್_ಮಂಡ್ಯ:
ಫುಲ್ ಸ್ಪೀಡಲ್ಲಿ 50 ಆಂಪಿಯರ್ ಎಳೆದರೆ ಎರಡು ಗಂಟೆಗೆ ನಿಮ್ಮ ಬ್ಯಾಟರಿ ಖಾಲಿ. 168 ಕಿ.ಮೀ. ಎಲ್ಲಿ ಹೋಗುತ್ತೀರಿ? ಇಳಿತದ ನೀರಿಗೆ ಎದುರು ಹೋಗಲು ಅದಕ್ಕೆ ಶಕ್ತಿ ಸಾಲದು.

ಲಿಥಿಯಂ_ಕುವೆಂಪುನಗರ:
ಫುಲ್ ಸ್ಪೀಡಲ್ಲಿ ಯಾರು ಹೋಗುತ್ತಾರೆ? ನೀರಿನ ಜೊತೆ ಹೋಗಬೇಕು. ಭರತ ಬರುವಾಗ ಒಳಗೆ, ಇಳಿಯುವಾಗ ಹೊರಗೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡ. ಲೆಕ್ಕ ಇಟ್ಟುಕೊಂಡರೆ ಸಾಕು.

ಶ್ರೀರಂಗಪಟ್ಟಣ_ಹರಿಗೋಲು:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಆ ಮನುಷ್ಯ ಅಳಿವೆಗೆ ಕೊಚ್ಚಿಹೋಗುತ್ತಿದ್ದರು. ಅವರ ಸಮಸ್ಯೆ ನೋಡೋಣ. ಬಾಟಲಿ ಏನಾಯಿತು ಸಾರ್?

ಒಂಟಿಹುಟ್ಟು_ಮೈಸೂರು:
ರಾತ್ರಿಯೆಲ್ಲ ಇಟ್ಟೆ. ಒಂದೇ ಬಣ್ಣ, ಪದರ ಇಲ್ಲ. ಜೆಟ್ಟೂ ತರಿಸಿದ್ದೇನೆ, ಇನ್ನೂ ಹಾಕಿಲ್ಲ.

ಕಾಂಡ್ಲಾ_ನೆರಳು:
ನನಗೆ ಮೈಸೂರಲ್ಲಿ ಕೆಲಸ, ಊರು ಹೊನ್ನಾವರದ ಹತ್ತಿರ. ಜೆಟ್ ಹಾಕಬೇಡಿ, ಸುಮ್ನೆ ಕಾರ್ಬೊರೇಟರ್ ಕೆಡುತ್ತದೆ. ಮೂರು ಪ್ರಶ್ನೆ ಕೇಳುತ್ತೇನೆ. ನಿಂತಾಗ ಪೈಪಿನ ನಡುವಿನ ರಬ್ಬರ್ ಬಲ್ಬ್ ಹೇಗಿತ್ತು, ಉಬ್ಬಿತ್ತಾ, ಚಪ್ಪಟೆಯಾಗಿತ್ತಾ? ಮತ್ತೆ ಸ್ಟಾರ್ಟ್ ಆಗಿದ್ದು ಪ್ರತಿ ಸಲವೂ ಟ್ಯಾಂಕ್ ಮುಚ್ಚಳ ತೆಗೆದು ನೋಡಿದ ಮೇಲೇನಾ? ಮೆಕ್ಯಾನಿಕ್ ಓಡಿಸಿದ್ದು ನಿಮ್ಮ ಟ್ಯಾಂಕಿನಿಂದಲೇನಾ?

ಒಂಟಿಹುಟ್ಟು_ಮೈಸೂರು:
ಬಲ್ಬ್ ನೋಡಲಿಲ್ಲ. ಹೌದು, ಪ್ರತಿ ಸಲವೂ ಮುಚ್ಚಳ ತೆಗೆದು ನೋಡಿದ್ದೆ. ಮೆಕ್ಯಾನಿಕ್ ತಮ್ಮದೇ ಪ್ಲಾಸ್ಟಿಕ್ ಬಾಟಲಿ ನೇತುಹಾಕಿ ಓಡಿಸಿದರು. ಟ್ಯಾಂಕ್ ಕಾರಿನಲ್ಲೇ ಇತ್ತು.

ಕಾಂಡ್ಲಾ_ನೆರಳು:
ಹಾಗಾದರೆ ಅವರ ಬಾಟಲಿಗೆ ಗಾಳಿ ಹೋಗುತ್ತಿತ್ತು, ನಿಮ್ಮ ಟ್ಯಾಂಕಿಗೆ ಹೋಗುತ್ತಿಲ್ಲ. ಇಂಜಿನ್ ಪೆಟ್ರೋಲ್ ಎಳೆದಷ್ಟೂ ಗಾಳಿ ಒಳಗೆ ಬರಬೇಕು. ಬರದಿದ್ದರೆ ಒಳಗೆ ಎಳೆತ ಹೆಚ್ಚುತ್ತಾ ಹೋಗಿ ಪೆಟ್ರೋಲ್ ಹರಿಯುವುದೇ ನಿಲ್ಲುತ್ತದೆ. ಟ್ಯಾಂಕ್ ತುಂಬಿದ್ದರೆ ಗಾಳಿಯ ಜಾಗ ಕಡಿಮೆ, ಅದಕ್ಕೇ ಮೊದಲ ಸಲ ಬೇಗ ನಿಂತಿತು. ಮುಚ್ಚಳದ ಮೇಲೆ ಸಣ್ಣ ಗಾಳಿ ತಿರುಪು ಇದೆಯಲ್ಲ, ತೆರೆದಿತ್ತಾ?

ಒಂಟಿಹುಟ್ಟು_ಮೈಸೂರು:
ತಿರುಪಾ? ನನ್ನ ಮುಚ್ಚಳದಲ್ಲಿ ಅದೇ ಇಲ್ಲ. ಹಳೇ ಮುಚ್ಚಳ ಕಳೆದುಹೋಗಿತ್ತು. ಅಳತೆಗೆ ಕೂರುವ ಕ್ಯಾನಿನ ಮುಚ್ಚಳ ಹಾಕಿದ್ದೆ. ಇದು ಮುಖ್ಯ ಅಂತ ಅನಿಸಲಿಲ್ಲ, ಅದಕ್ಕೇ ಬರೆಯಲಿಲ್ಲ.

ಹಿನ್ನೀರು_ಗಾಳ:
ಡ್ರಮ್ಮಿನಲ್ಲೇ ಪರೀಕ್ಷೆ ಮಾಡಿ. ನಿಮ್ಮದೇ ಟ್ಯಾಂಕ್ ತುಂಬಿಸಿ, ಮುಚ್ಚಳ ಬಿಗಿ ಮಾಡಿ. ಐಡ್ಲಿಂಗಲ್ಲಿ ಪೆಟ್ರೋಲ್ ಕಡಿಮೆ ಹೋಗುತ್ತದೆ, ಜಾಸ್ತಿ ಹೊತ್ತು ಹಿಡಿಯಬಹುದು. ಕಾಯಿರಿ.

ಒಂಟಿಹುಟ್ಟು_ಮೈಸೂರು:
ಮಾಡಿದೆ. 34ನೇ ನಿಮಿಷಕ್ಕೆ ಅದೇ ಕೆಮ್ಮು. ಬಲ್ಬ್ ಹಿಂಡಿದ ನಿಂಬೆಹಣ್ಣಿನ ಹಾಗೆ ಚಪ್ಪಟೆ, ಎರಡು ಗೋಡೆ ಅಂಟಿಕೊಂಡಿದ್ದವು. ಮುಚ್ಚಳ ಅರ್ಧ ಸುತ್ತು ತಿರುಗಿಸಿದೆ, ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡಿತು. ನನ್ನ ಕಣ್ಣೆದುರೇ ಬಲ್ಬ್ ನಿಧಾನಕ್ಕೆ ಉಬ್ಬಿತು. ಎರಡೇ ಎಳೆತಕ್ಕೆ ಸ್ಟಾರ್ಟ್! ಕಾಂಡ್ಲಾ ಅವರೇ, ನಿಮಗೆ ಕೈ ಮುಗಿಯುತ್ತೇನೆ. ಈ ಮುಚ್ಚಳಕ್ಕೇ ಒಂದು ತೂತು ಕೊರೆದರೆ ನಡೆಯುತ್ತದಾ?

ಕಾಂಡ್ಲಾ_ನೆರಳು:
ಬೇಡ. ಅಲೆ ಸಿಡಿದರೆ ಉಪ್ಪುನೀರು ಒಳಗೆ ಹೋಗುತ್ತದೆ, ದೋಣಿ ವಾಲಿದರೆ ಪೆಟ್ರೋಲ್ ಹೊರಗೆ ಚೆಲ್ಲುತ್ತದೆ. ಆ ಟ್ಯಾಂಕಿನ ಸರಿಯಾದ ಮುಚ್ಚಳವನ್ನೇ ತರಿಸಿ. ಕಾರಿನಲ್ಲಿ ಸಾಗಿಸುವಾಗ ತಿರುಪು ಮುಚ್ಚಿ, ದೋಣಿಯಲ್ಲಿ ತೆರೆಯಿರಿ. ಕೇರಳಕ್ಕೆ ಹೋಗುವ ಮುಂಚೆ ಮೂರು ಗಂಟೆಯಾದರೂ ಲೋಡ್ ಕೊಟ್ಟು ಓಡಿಸಿ ನೋಡಿ. ದಾರಿಯ ವೆಂಬನಾಡು ಸರೋವರದಲ್ಲಿ ಉಪ್ಪುನೀರು ತಡೆಯುವ ತಣ್ಣೀರ್‌ಮುಕ್ಕಂ ಬಂಡಿನ (ಅಡ್ಡಗಟ್ಟೆಯ) ಶಟರ್ ಮುಚ್ಚಿದ್ದರೆ ಲಾಕ್, ಅಂದರೆ ದೋಣಿ ದಾಟಿಸುವ ಗೇಟಿನ ಕಾಲುವೆ, ಮೂಲಕವೇ ದಾಟಬೇಕು. ಮೊದಲೇ ಕೇಳಿಕೊಂಡು ಹೋಗಿ. ಅಂತರಗಂಗೆ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ, ಚಾಕು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಎಳೆದರೆ ಇಂಜಿನ್ ಆಫ್ ಆಗುವ ಕಿಲ್ ಸ್ವಿಚ್ಚಿನ ಹಗ್ಗ ಯಾವಾಗಲೂ ಮಣಿಕಟ್ಟಿನಲ್ಲಿರಲಿ. ಒಬ್ಬರೇ ನೀರಿಗೆ ಬಿದ್ದರೆ ದೋಣಿ ನಿಮ್ಮನ್ನು ಬಿಟ್ಟು ಹೋಗಿಬಿಡುತ್ತದೆ.

ಜೆಟ್_ಮಂಡ್ಯ:
ಮುಚ್ಚಳ ಸರಿ ಮಾಡಿದರೂ ಕೊಲ್ಲಂನಲ್ಲಿ ಜೆಟ್ ದೊಡ್ಡದು ಬೇಕೇ ಬೇಕು. ಹೇಳಿದ್ದೇನೆ.

ಪಾಂಡವಪುರ_ದೋಣಿ:
ನನ್ನದೂ ಹೀಗೇ ನಿಲ್ಲುತ್ತದೆ. ಆದರೆ ಬಲ್ಬ್ ಗಟ್ಟಿಯಾಗೇ ಇರುತ್ತದೆ. ಗಾಳಿ ತಿರುಪೂ ತೆರೆದೇ ಇದೆ. ನಾನೇನು ಮಾಡಲಿ?

ಕಾಂಡ್ಲಾ_ನೆರಳು:
ಗಟ್ಟಿ ಇದ್ದರೆ ಪೆಟ್ರೋಲ್ ಅಲ್ಲಿವರೆಗೆ ಬರುತ್ತಿದೆ. ನಿಂತ ತಕ್ಷಣ ಬಿಸಿಯಲ್ಲೇ ಪ್ಲಗ್ಗಿನ ಕಿಡಿ ನೋಡಿ. ಬೇರೆ ಚರ್ಚೆ ತೆರೆದು ಇಂಜಿನ್, ಟ್ಯಾಂಕ್, ಏನೇನು ಬದಲಿಸಿದ್ದೀರಿ ಎಲ್ಲ ಬರೆಯಿರಿ. ಅಲ್ಲಿ ನೋಡುತ್ತೇನೆ.