ಸಹಾಯ ಬೇಕು: ಗುಟ್ಟು ಬಿಡದೆ ಚೀಟಿ ಎತ್ತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ವರ್ಷಾಂತ್ಯದ ಕಚೇರಿ ಕೂಟದಲ್ಲಿ ಸಹೋದ್ಯೋಗಿಗಳ ನಡುವೆ ಗುಟ್ಟಾಗಿ ಉಡುಗೊರೆ ವಿನಿಮಯ ನಡೆಸುವ ಹೊಣೆ ನನ್ನದು. ಹೆಸರುಗಳನ್ನು ಡಬ್ಬಿಗೆ ಹಾಕಿ ಚೀಟಿ ಎತ್ತಿಸಿದರೆ ಯಾರಿಗಾದರೂ ತಮ್ಮದೇ ಹೆಸರು ಬರುವ ಸಂಭವ ಸುಮಾರು ಶೇಕಡಾ 63; ಗುಂಪು ದೊಡ್ಡದಾದರೂ ಇದು ತಗ್ಗುವುದಿಲ್ಲ. ಹೆಸರುಗಳನ್ನು ವೃತ್ತಾಕಾರವಾಗಿ ಜೋಡಿಸಿ, ಪ್ರತಿಯೊಬ್ಬರೂ ಮುಂದಿನವರಿಗೆ ಕೊಡುವಂತೆ ಮಾಡಿದರೆ ಈ ತೊಡಕಿಲ್ಲ. ಆದರೆ ಪಟ್ಟಿ ಮಾಡುವ ನನಗೆ ಎಲ್ಲರ ಗುಟ್ಟೂ ತಿಳಿದುಬಿಡುತ್ತದೆ. ನಾನೂ ಆಟದಲ್ಲಿರಬೇಕು, ಗುಟ್ಟೂ ಉಳಿಯಬೇಕು. ಆ್ಯಪ್ ಇಲ್ಲದೆ, ಬರೀ ಕಾಗದದಲ್ಲಿ ಆಗುವ ಉಪಾಯ ಯಾರಿಗಾದರೂ ಗೊತ್ತೇ?

ಇನ್ನೊಂದು ಮಾತು. ಬೆಲೆಯ ಮಿತಿ ಕಡಿಮೆ ಸಂಬಳದವರಿಗೆ ಹೊರೆಯಾಗಬಾರದು, ಬೇಡ ಎನ್ನುವವರು ಮುಜುಗರವಿಲ್ಲದೆ ಹಿಂದೆ ಸರಿಯುವಂತಿರಬೇಕು. ಇದನ್ನು ಸುತ್ತೋಲೆಯಲ್ಲಿ ನಯವಾಗಿ ಹೇಗೆ ಬರೆಯಲಿ? ಮಾದರಿ ಇದ್ದರೆ ದಯವಿಟ್ಟು ಕಳುಹಿಸಿ.