ಪ್ರಶ್ನೋತ್ತರ: ಭಾರದ ಕಪ್ಪುಕುಳಿಗಳೇ ಜಾಸ್ತಿ ಇವೆಯಾ?

ಪ್ರಶ್ನೆ (ಹೈಸ್ಕೂಲ್ ಮಾಷ್ಟ್ರು, ಬದಿಯಡ್ಕ): ಮೇಡಂ, ಗುರುತ್ವ ಅಲೆ (ಭಾರದ ಕಾಯಗಳು ಸುತ್ತಿ ಸೇರುವಾಗ ಆಕಾಶದಲ್ಲಿ ಹಬ್ಬುವ ಕಂಪನ) ಮೊದಲು ಸಿಕ್ಕಿದ್ದು 2015ರಲ್ಲಿ, ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿ ಸೇರಿದಾಗ ಅಂತ ಕ್ಲಾಸಿನಲ್ಲಿ ಹೇಳಿದೆ. ಆಮೇಲೆ ಸಿಕ್ಕಿದ್ದರಲ್ಲೂ ಅಂಥವು ಬೇಕಾದಷ್ಟಿವೆ. "ಹಾಗಾದರೆ ಆಕಾಶದಲ್ಲಿ ಭಾರದವೇ ಜಾಸ್ತಿ ಅಲ್ವಾ?" ಅಂತ ಒಬ್ಬಳು ಹುಡುಗಿ ಕೇಳಿದಳು. ಏನು ಹೇಳಲಿ?

ಉತ್ತರ: ಮಾಷ್ಟ್ರೇ, ನಾವು ದಿನವೂ ತಲೆ ಕೆಡಿಸಿಕೊಳ್ಳುವ ಪ್ರಶ್ನೆಯನ್ನೇ ಅವಳು ಕೇಳಿದ್ದಾಳೆ. ತುಂಬಾ ಖುಷಿಯಾಯಿತು.

ನೇಮದಲ್ಲಿ (ದೈವದ ಉತ್ಸವದಲ್ಲಿ) ಸಿಡಿಸುವ ಗರ್ನಾಲು, ಅಂದರೆ ದೊಡ್ಡ ಸದ್ದಿನ ಪಟಾಕಿ, ಪಕ್ಕದ ಊರಿಗೂ ಕೇಳುತ್ತದೆ, ಮಾಲೆಪಟಾಕಿ ಗುಡ್ಡ ದಾಟುವುದಿಲ್ಲ. ಮನೆಯಲ್ಲಿ ಕೂತು ಲೆಕ್ಕ ಬರೆದರೆ ಸುತ್ತಲಿನ ಊರುಗಳಲ್ಲಿ ಗರ್ನಾಲೇ ಜಾಸ್ತಿ ಅನ್ನಿಸೀತು. ಇಲ್ಲೂ ಹಾಗೆಯೇ. 10 ಸೂರ್ಯರ ತೂಕದ ಎರಡು ಸೇರಿದ್ದಕ್ಕಿಂತ 35ರ ಎರಡು ಸೇರಿದ್ದು ಸುಮಾರು ಮೂರು ಪಟ್ಟು ದೂರದಿಂದ ಗೊತ್ತಾಗುತ್ತದೆ. ದೂರ ಅಷ್ಟಾದರೆ ನಾವು ಜಾಲಾಡುವ ಜಾಗ 20 ಪಟ್ಟಿಗೂ ಮೇಲೆ. ಇದು ಸ್ಥೂಲ ಲೆಕ್ಕ. ಆದರೂ ಇದನ್ನು ಕಳೆಯದೆ ಏನೂ ಹೇಳುವ ಹಾಗಿಲ್ಲ.

ಕಳೆಯುವುದು ಹೇಗೆ? ಕಂಪ್ಯೂಟರಿನಲ್ಲಿ ತಯಾರಿಸಿದ ಹುಸಿ ಅಲೆಗಳನ್ನು ಗುರುತ್ವ ಅಲೆ ಹಿಡಿಯುವ ಯಂತ್ರಗಳಾದ ಲೈಗೋ, ವರ್ಗೋಗಳ ನಿಜವಾದ ದಾಖಲೆಯೊಳಗೆ ಸೇರಿಸುತ್ತಾರೆ. ಹುಡುಕುವ ಪ್ರೋಗ್ರಾಂ ಯಾವ ತೂಕದ್ದನ್ನು ಎಷ್ಟು ಹಿಡಿಯಿತು, ಎಷ್ಟು ಬಿಟ್ಟಿತು ಅಂತ ನೋಡುತ್ತಾರೆ. ನಿಜವಾಗಿ ತಪ್ಪಿಹೋದವು ಎಷ್ಟಿರಬಹುದು ಅಂತ ಅದರಿಂದ ಅಂದಾಜು ಸಿಗುತ್ತದೆ.

ಇನ್ನೊಂದು ತೊಡಕು. ಆ 36 ಅನ್ನುವುದೂ ಅಂದಾಜೇ, ನಾಲ್ಕೈದು ಆಚೀಚೆ ಆಗಬಹುದು. ಅದಕ್ಕೇ ಒಂದೊಂದನ್ನೇ ಎಣಿಸುತ್ತಾ ಹೋಗುವುದಿಲ್ಲ. ಎಲ್ಲದರ ಆಚೀಚೆಯನ್ನೂ ಹಾಗೇ ಇಟ್ಟುಕೊಂಡು, ಇಡೀ ಗುಂಪಿಗೆ ಯಾವ ಹಂಚಿಕೆ (ಯಾವ ತೂಕದವು ಎಷ್ಟು ಅನ್ನುವ ಲೆಕ್ಕ) ಹೊಂದುತ್ತದೆ ಅಂತ ಒಟ್ಟಿಗೆ ನೋಡುತ್ತೇವೆ.

2020ರ ಮಾರ್ಚ್‌ವರೆಗಿನ ಮೂರು ಸುತ್ತಿನ ವೀಕ್ಷಣೆಯಲ್ಲಿ 90 ಘಟನೆ ಸಿಕ್ಕಿದ್ದವು. ಅವನ್ನು ಹೀಗೆ ತೂಗಿದಾಗ ಕಂಡದ್ದು: 10ರ ಆಸುಪಾಸಿನವೇ ಜಾಸ್ತಿ, ಭಾರ ಏರಿದಂತೆ ಕಡಿಮೆ. 35ರ ಹತ್ತಿರ ಮಾತ್ರ ಸಣ್ಣ ಉಬ್ಬು. ಅದು ಯಾಕೆ ಅನ್ನುವುದರ ಬಗ್ಗೆ ಇನ್ನೂ ಚರ್ಚೆ ನಡೆಯುತ್ತಿದೆ.

ಮರುಪ್ರಶ್ನೆ: ತೂಕ ನೋಡಿ ಅವು ಹುಟ್ಟಿದ ಬಗೆ ಹೇಳಬಹುದಾ ಮೇಡಂ?

ಉತ್ತರ: ತೂಕ ಒಂದೇ ಸಾಲದು. ತಿರುಗುವ ದಿಕ್ಕೂ ಬೇಕು. ಜೊತೆಯಲ್ಲೇ ಹುಟ್ಟಿ ಬೆಳೆದ ಜೋಡಿಯಾದರೆ ಎರಡೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ತಿರುಗುತ್ತವೆ. ನಕ್ಷತ್ರಗಳ ದಟ್ಟ ಗುಂಪಿನಲ್ಲಿ ಆಮೇಲೆ ಜೊತೆಯಾದವು ಹೇಗೆ ಬೇಕಾದರೂ ತಿರುಗಬಹುದು. 2019ರ ಮೇ 21ರಂದು ಸಿಕ್ಕ ಜೋಡಿಯಲ್ಲಿ ಒಂದು ಸುಮಾರು 85 ಸೂರ್ಯರಷ್ಟಿತ್ತು. ಅಷ್ಟು ತೂಕದ ಕುಳಿ ಒಂದೇ ನಕ್ಷತ್ರ ಸತ್ತು ಆಗುವುದು ಕಷ್ಟ, ನಕ್ಷತ್ರವೇ ಪೂರ್ತಿ ಸಿಡಿದುಹೋಗುತ್ತದೆ ಅನ್ನುತ್ತದೆ ಸಿದ್ಧಾಂತ. ಹಿಂದೊಮ್ಮೆ ಎರಡು ಕುಳಿ ಸೇರಿ ಅದು ಆಗಿರಬೇಕು ಅಂತ ನನಗೆ ತೋರುತ್ತದೆ. ಆದರೆ ಒಂದನ್ನೇ ನೋಡಿ ತೀರ್ಮಾನ ಮಾಡಲು ನಾನು ಒಪ್ಪುವುದಿಲ್ಲ ಮಾಷ್ಟ್ರೇ. ಅಂಥವು ಹತ್ತಾರು ಬೇಕು.