ಬಡಾವಣೆಯ ಖಾಲಿ ಜಾಗಕ್ಕೆ ಹುಲ್ಲುಹಾಸೋ, ಮರಗಳೋ? ಆರೋಗ್ಯದ ದೃಷ್ಟಿಯಿಂದ ಯಾವುದು ಮೇಲು?

ಹಳೆಬೇಲಿ (ಪ್ರಶ್ನೆ)

ನಮ್ಮ ಬಡಾವಣೆಯಲ್ಲಿ ಸುಮಾರು ಒಂದು ಎಕರೆಯ ಖಾಲಿ ಜಾಗವೊಂದು ಒಡೆದ ಇಟ್ಟಿಗೆ, ಕಾಂಕ್ರೀಟಿನ ಚೂರುಗಳನ್ನು ಹೊತ್ತುಕೊಂಡು ವರ್ಷಗಟ್ಟಲೆ ಬಿದ್ದಿತ್ತು. ಅದನ್ನು ಉದ್ಯಾನ ಮಾಡಲು ಈಗ ಅನುಮತಿ ದೊರೆತಿದೆ, ಆದರೆ ನಿವಾಸಿಗಳ ಸಂಘದಲ್ಲಿ ಒಮ್ಮತವಿಲ್ಲ. ನಡುವೆ ಹುಲ್ಲುಹಾಸು, ಸುತ್ತಲೂ ಸಿಮೆಂಟಿನ ನಡಿಗೆಪಥ, ಮೂಲೆಯಲ್ಲಿ ನಾಲ್ಕು ವ್ಯಾಯಾಮದ ಸಲಕರಣೆಗಳು ಇದ್ದರೆ ಸಾಕು, ಮರ ನೆಟ್ಟರೆ ಉದುರಿದ ಎಲೆ ಗುಡಿಸುವವರು ಯಾರು ಎಂಬುದು ಒಂದು ಪಕ್ಷದ ವಾದ. ದಟ್ಟವಾಗಿ ಮರಗಳೇ ಇರಲಿ ಎಂಬುದು ಇನ್ನೊಂದು ಪಕ್ಷದ ಹಟ.

ನನ್ನ ಪ್ರಶ್ನೆ ಅದಕ್ಕಿಂತ ಹಿಂದಿನದು. ಹಸಿರಿನ ಸಮೀಪ ಇರುವವರು ಹೆಚ್ಚು ಆರೋಗ್ಯವಂತರು ಎಂದು ಎಲ್ಲೆಡೆ ಓದುತ್ತೇವೆ. ಆದರೆ ಉದ್ಯಾನದ ಎದುರಿನ ಮನೆಗಳಲ್ಲಿ ಇರುವವರು ಸಾಮಾನ್ಯವಾಗಿ ಉಳ್ಳವರೇ ಆಗಿರುವುದರಿಂದ, ಅವರ ಆರೋಗ್ಯಕ್ಕೆ ಕಾರಣ ಮರವೋ ಹಣವೋ ಎಂದು ಬೇರ್ಪಡಿಸಿ ಹೇಳಲು ಸಾಧ್ಯವೇ? ಬಲ್ಲವರು ದಯವಿಟ್ಟು ವಿವರಿಸಬೇಕು.

ಅಂಕಿಮನೆ

ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವನು. ಈ ವಿಷಯದ ಬಹುಪಾಲು ಅಧ್ಯಯನಗಳಿಗೆ ನೀವು ಎತ್ತಿದ ಆಕ್ಷೇಪ ನಿಜವಾಗಿಯೂ ತಗಲುತ್ತದೆ. ಎಲ್ಲರೂ ಮೊದಲು ನೆನೆಯುವುದು ಸಂಶೋಧಕ ರೋಜರ್ ಉಲ್ರಿಚ್ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳ ಪೈಕಿ ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಸ್ವಲ್ಪ ಬೇಗ ಮನೆಗೆ ಹೋದರು, ತೀವ್ರವಾದ ನೋವುನಿವಾರಕಗಳನ್ನೂ ಕಡಿಮೆ ಬಳಸಿದರು. ಸುಂದರವಾದ ಅಧ್ಯಯನ; ಆದರೆ ಅದರಲ್ಲಿದ್ದವರು 46 ಮಂದಿ ಮಾತ್ರ, ಅದರ ಮೇಲೆ ನಗರಗಳ ಯೋಜನೆಯನ್ನೇ ನಿಲ್ಲಿಸಲಾಗದು.

ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು ಅಮೆರಿಕದ ಫಿಲಡೆಲ್ಫಿಯಾ ನಗರದ ಪ್ರಯೋಗ. ಅದರ ವಿಷಯವೂ ನಿಮ್ಮದರಂತಹ ಖಾಲಿ ನಿವೇಶನಗಳೇ. ಅಲ್ಲಿ 541 ನಿವೇಶನಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿನ ಜಾಗಗಳಲ್ಲಿ ಕಸ ತೆಗೆದು, ನೆಲ ಸಮಮಾಡಿ, ಹುಲ್ಲು ಹಾಗೂ ಕೆಲವೇ ಮರಗಳನ್ನು ನೆಟ್ಟು, ಕಟ್ಟಿಗೆಯ ಗಿಡ್ಡ ಬೇಲಿ ಹಾಕಿದರು. ಇನ್ನೊಂದು ಗುಂಪಿನಲ್ಲಿ ಕಸವನ್ನಷ್ಟೇ ತೆಗೆದರು. ಮೂರನೆಯದನ್ನು ಇದ್ದಂತೆಯೇ ಬಿಟ್ಟರು. ಏನೂ ಮಾಡದ ಗುಂಪಿಗೆ ಹೋಲಿಸಿದರೆ, ಹಸಿರಾದ ಜಾಗಗಳ ಸಮೀಪದ ನಿವಾಸಿಗಳಲ್ಲಿ ಖಿನ್ನತೆಯ ಭಾವನೆ ಇದೆ ಎಂದು ಹೇಳಿಕೊಂಡವರ ಪ್ರಮಾಣ ಶೇ. 41.5ರಷ್ಟು ಇಳಿಯಿತು ಎಂದು 2018ರಲ್ಲಿ ವರದಿಯಾಯಿತು. ಬಡ ಪ್ರದೇಶಗಳಲ್ಲಿ ಇಳಿಕೆ ಇನ್ನೂ ಹೆಚ್ಚಾಗಿತ್ತು. ಬರೀ ಕಸ ತೆಗೆದ ಕಡೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಯಾವ ನಿವೇಶನಕ್ಕೆ ಯಾವ ಉಪಚಾರ ಎಂಬುದನ್ನು ಚೀಟಿಯೇ ನಿರ್ಧರಿಸಿದ್ದರಿಂದ, ಉಳ್ಳವರು ಹಸಿರನ್ನು ಹುಡುಕಿಕೊಂಡು ಬಂದರು ಎಂಬ ಅನುಮಾನಕ್ಕೆ ಇಲ್ಲಿ ಎಡೆಯಿಲ್ಲ.

ಇನ್ನೊಂದು ಪುರಾವೆ ತಲೆಕೆಳಗಾದದ್ದು. ಅಮೆರಿಕದಲ್ಲಿ ಒಂದು ಕೊರಕ ಹುಳು ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಕೊಂದಾಗ, ಆ ಹುಳು ಹರಡಿದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂತಹವು) ಹೃದಯ ಮತ್ತು ಶ್ವಾಸಕೋಶದ ಕಾಯಿಲೆಗಳ ಸಾವುಗಳು ಹೆಚ್ಚಿದ್ದನ್ನು 2013ರ ಅಧ್ಯಯನವೊಂದು ತೋರಿಸಿತು. ಹುಳು ಬಡವ ಬಲ್ಲಿದ ಎಂದು ನೋಡಿ ಹಬ್ಬುವುದಿಲ್ಲವಾದ್ದರಿಂದ ಈ ಸಾಕ್ಷ್ಯಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ, ಇದು ಚೀಟಿ ಎತ್ತಿದ ಪ್ರಯೋಗವಲ್ಲದಿದ್ದರೂ ಸಹ.

ಎಲೆರಾಶಿ

ಅಂಕಿಮನೆಯವರು ಮೊದಲ ಅರ್ಧವನ್ನು ಬಿಡಿಸಿದ್ದಾರೆ. ಹುಲ್ಲೋ ಮರವೋ ಎಂಬ ಅರ್ಧ ಹಾಗೇ ಉಳಿದಿದೆ. ಆಸ್ಟ್ರೇಲಿಯಾದ ಸಿಡ್ನಿ, ನ್ಯೂಕ್ಯಾಸಲ್, ವೊಲೊಂಗಾಂಗ್ ನಗರಗಳ ಸುಮಾರು 46 ಸಾವಿರ ವಯಸ್ಕರನ್ನು ವರ್ಷಗಳ ಕಾಲ ಅನುಸರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಕೇಳಿತ್ತು. ಮನೆಯ ಸುತ್ತಲಿನ ನೆಲದ ಶೇ. 30 ಅಥವಾ ಹೆಚ್ಚಿನ ಭಾಗವನ್ನು ಮರಗಳ ಚಾವಣಿ, ಅಂದರೆ ಕೊಂಬೆ ಎಲೆಗಳ ಹರವು, ಮುಚ್ಚಿದ್ದ ಕಡೆ ಮಾನಸಿಕ ಸಂಕಟದ ಸಂಭವ ಸುಮಾರು ಶೇ. 31ರಷ್ಟು ಕಡಿಮೆಯಿತ್ತು, ಬರೀ ಹುಲ್ಲಿನ ಹಸಿರಿನಿಂದ ಅಂತಹ ಪ್ರಯೋಜನ ಕಾಣಲಿಲ್ಲ.

ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಹುಲ್ಲುಹಾಸಿನ ನಡುವಿನ ಕಲ್ಲುಬೆಂಚನ್ನು ಒಮ್ಮೆ ಅಂಗೈಯಿಂದ ಮುಟ್ಟಿ, ಆಮೇಲೆ ಹತ್ತು ಹೆಜ್ಜೆ ಆಚೆ ಮರದಡಿಯ ಬೆಂಚನ್ನು ಮುಟ್ಟಿ ನೋಡಿ. ಮರ ಬಿಸಿಲನ್ನು ತಡೆಯುವುದಷ್ಟೇ ಅಲ್ಲ, ಬೇರಿನಿಂದ ಎಳೆದ ನೀರನ್ನು ಎಲೆಗಳಿಂದ ಆವಿಯಾಗಿಸಿ ಸುತ್ತಲ ಶಾಖವನ್ನೂ ಹೀರುತ್ತದೆ. ಯುರೋಪಿನ 93 ನಗರಗಳಲ್ಲಿ ಮರಗಳ ಚಾವಣಿ ಶೇ. 30ಕ್ಕೆ ಏರಿದ್ದರೆ ಸರಾಸರಿ ಉಷ್ಣತೆ 0.4 ಡಿಗ್ರಿ ಇಳಿದು, 2015ರ ಬೇಸಿಗೆಯೊಂದರಲ್ಲೇ 2,600ಕ್ಕೂ ಹೆಚ್ಚು ಸಾವುಗಳು ತಪ್ಪುತ್ತಿದ್ದವು ಎಂಬ ಅಂದಾಜು 2023ರಲ್ಲಿ ಪ್ರಕಟವಾಗಿದೆ.

ಎಲೆ ಗುಡಿಸುವ ಚಿಂತೆಯವರಿಗೆ ಹೇಳಿ: ಗುಡಿಸಲೇಬೇಡಿ, ಬುಡಕ್ಕೆ ಹೊದಿಸಿ. ದಯವಿಟ್ಟು ಬುಡದವರೆಗೆ ಸಿಮೆಂಟ್ ಬಳಿಯಬೇಡಿ. ಒಂದು ಗೇಣೂ ಮಣ್ಣು ಬಿಡದೆ ಕಟ್ಟೆ ಕಟ್ಟಿಸಿಕೊಂಡ ಮರಗಳು ಗಾಳಿಗೆ ಬೇರುಸಹಿತ ಮಗುಚಿದ್ದನ್ನು ಬೇಕಾದಷ್ಟು ಕಂಡಿದ್ದೇನೆ, ಆಮೇಲೆ ಬೈಗುಳ ಮಾತ್ರ ಮರಕ್ಕೆ.

ನಾಡಿಬಡಿತ

ನಾನು ಶ್ವಾಸಕೋಶದ ರೋಗಿಗಳನ್ನು ನೋಡುವ ವೈದ್ಯೆ. ಮರಗಳ ಪರವಾಗಿಯೇ ಇದ್ದೇನೆ, ಆದರೆ ಎರಡು ಎಚ್ಚರಿಕೆಗಳು. ಮರಗಳು ಗಾಳಿಯನ್ನು ಶುದ್ಧಮಾಡುತ್ತವೆ ಎಂಬ ಮಾತನ್ನು ಹಿಡಿತದಲ್ಲಿ ಬಳಸಬೇಕು. ಎಲೆಗಳ ಮೇಲೆ ಧೂಳಿನ ಕಣಗಳು ಕೂರುವುದು ನಿಜವಾದರೂ ಇಡೀ ನಗರದ ಹೊಗೆಯ ಎದುರು ಆ ಪಾಲು ಚಿಕ್ಕದು. ಎರಡೂ ಬದಿ ಎತ್ತರದ ಕಟ್ಟಡಗಳಿರುವ ಇಕ್ಕಟ್ಟಾದ, ವಾಹನದಟ್ಟಣೆಯ ರಸ್ತೆಯಲ್ಲಿ ಚಾವಣಿ ಒಂದಕ್ಕೊಂದು ಕೂಡಿಕೊಂಡರೆ ಹೊಗೆ ಮೇಲೇರದೆ ಕೆಳಗೇ ನಿಲ್ಲುವುದೂ ಉಂಟು. ನಿಮ್ಮದು ತೆರೆದ ಜಾಗವಾದ್ದರಿಂದ ಆ ಭಯವಿಲ್ಲ. ಇನ್ನು ಗಾಳಿಯಲ್ಲಿ ಪರಾಗ ತೂರುವ ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಟ್ಟರೆ ಆಸ್ತಮಾ ಇರುವವರಿಗೆ ಹೂಬಿಡುವ ತಿಂಗಳು ಶಿಕ್ಷೆಯಾಗುತ್ತದೆ, ಜಾತಿಗಳನ್ನು ಬೆರೆಸಿ.

ಗಾತ್ರದ ವಿಚಾರವಾಗಿ ಬೇಸರ ಬೇಡ. ಮನೆಯಿಂದ 300 ಮೀಟರ್ ಒಳಗೆ ಕನಿಷ್ಠ ಅರ್ಧ ಹೆಕ್ಟೇರ್ ಹಸಿರು ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ ಸೂಚಿಸಿದ ಸ್ಥೂಲ ಮಾನದಂಡ. ಒಂದು ಎಕರೆ ಎಂದರೆ 0.4 ಹೆಕ್ಟೇರ್, ಕೊಂಚವೇ ಕಡಿಮೆ. ಆರೋಗ್ಯವನ್ನು ತೀರ್ಮಾನಿಸುವುದು ಜನ ಅಲ್ಲಿ ಎಷ್ಟು ಹೊತ್ತು ಇರುತ್ತಾರೆ ಎಂಬುದು. ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಸಮೀಕ್ಷೆಯಲ್ಲಿ, ವಾರಕ್ಕೆ 120 ನಿಮಿಷಗಳಷ್ಟಾದರೂ ಪ್ರಕೃತಿಯ ನಡುವೆ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳುವ ಸಂಭವ ಹೆಚ್ಚಿತ್ತು. ಅದನ್ನು ಒಮ್ಮೆಗೇ ಕಳೆದರೂ ಬಿಡಿಬಿಡಿಯಾಗಿ ಕಳೆದರೂ ವ್ಯತ್ಯಾಸ ಇರಲಿಲ್ಲ. ಹಾಗಾಗಿ ನನ್ನ ಮರುಪ್ರಶ್ನೆ: ನಿಮ್ಮ ಉದ್ಯಾನದ ಗೇಟು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ?

ಹಳೆಬೇಲಿ

ಎಲ್ಲರಿಗೂ ಧನ್ಯವಾದಗಳು. ನಾಡಿಬಡಿತ ಅವರ ಪ್ರಶ್ನೆ ನೇರವಾಗಿ ನಾಟಿತು, ಏಕೆಂದರೆ ಎರಡೂ ಪಕ್ಷದವರು ಜಗಳವಿಲ್ಲದೆ ಒಪ್ಪಿಕೊಂಡಿರುವ ಒಂದೇ ಸಂಗತಿ ಎಂದರೆ ಮಧ್ಯಾಹ್ನ ಗೇಟಿಗೆ ಬೀಗ ಹಾಕಬೇಕು ಎಂಬುದು. ನೆರಳು ಅತ್ಯಗತ್ಯವಾದ ಹೊತ್ತಿನಲ್ಲೇ ಮರಗಳನ್ನು ಬೀಗದೊಳಗಿಟ್ಟು ಏನು ಸಾಧಿಸುತ್ತೇವೋ! ಮುಂದಿನ ಸಭೆಯಲ್ಲಿ ಮಿಶ್ರಜಾತಿಯ ಮರಗಳು, ಬುಡಕ್ಕೆ ಬಿಟ್ಟ ಮಣ್ಣು, ನಡುವೆ ಮಕ್ಕಳಿಗಾಗಿ ಸಣ್ಣದೊಂದು ಹುಲ್ಲುಹಾಸು ಇರುವ ನಕ್ಷೆಯನ್ನು ಇಡುತ್ತೇನೆ. ಆದರೆ ಬೀಗದ ಮಾತನ್ನೇ ಮೊದಲು ಎತ್ತುತ್ತೇನೆ.